ಮಾವನ ಎಡಗಣ್ಣು

ಮಾವ ಬರುವ ಹೊತ್ತಿಗೆ ಕೋಣೆ ಒಪ್ಪವಾಗಿರಲೆಂದು ಅವನು ಮೇಜನ್ನು ಮತ್ತೊಮ್ಮೆ ಒರೆಸಿದ. ಒರೆಸಿದ ಮೇಲೆ, ಇದು ತನ್ನದೇ ಕೋಣೆ, ಇಲ್ಲಿ ತಾನೇ ಯಜಮಾನ, ಹೀಗಿರುವಾಗ ಪರೀಕ್ಷೆಗೆ ಹೊರಟ ಹುಡುಗನ ಹಾಗೆ ತನ್ನ ಅಂಗೈ ಯಾಕೆ ಬೆವರಬೇಕು ಎಂದು ತನ್ನನ್ನೇ ಬೈದುಕೊಂಡ. ಬೈದುಕೊಂಡು, ಬಟ್ಟೆಯನ್ನು ಒಳಗಿಡುವ ಬದಲು ಕಿಟಕಿಯ ಸರಳುಗಳನ್ನೂ ಒರೆಸತೊಡಗಿದ. ಕಿಟಕಿ ಉತ್ತರಕ್ಕಿತ್ತು. ಬಿಸಿಲು ನೇರ ಬೀಳದ, ದಿನವಿಡೀ ಒಂದೇ ಸಮನೆ ಇರುವ ಆ ಬೆಳಕಿಗಾಗಿಯೇ ಮನೆಯ ಎಲ್ಲಕ್ಕಿಂತ ಒಳ್ಳೆಯ ಕೋಣೆಯನ್ನು ಕೆಲಸಕ್ಕೆ ಇಟ್ಟುಕೊಂಡಿದ್ದ, ಅದಕ್ಕಾಗಿ ಹೆಂಡತಿಯಿಂದ ವರ್ಷಗಟ್ಟಲೆ ಮಾತು ಕೇಳಿದ್ದ. ಕಿಟಕಿಯ ಪಕ್ಕ ಎದುರುಬದುರು ಎರಡು ಕುರ್ಚಿ. ಒಂದರಲ್ಲಿ ಕಣ್ಣು ಕಳೆದುಕೊಂಡವರು ಕೂರುತ್ತಾರೆ, ಇನ್ನೊಂದರಲ್ಲಿ ಆ ಕಣ್ಣಿಗೆ ಬದಲಿ ಕಣ್ಣು ಮಾಡಿಕೊಡುವ ಅವನು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಅವನ ಕುರ್ಚಿಯ ಹಿಂದೆ, ಗೋಡೆಯ ಮೇಲೆ, ಕೂತವರ ಕಣ್ಣಿನ ಮಟ್ಟಕ್ಕೆ ಒಂದು ಕಪ್ಪು ಚುಕ್ಕಿ. ಬಂದವರೆಲ್ಲ ಆ ಚುಕ್ಕಿಯನ್ನೇ ನೋಡಬೇಕು, ಅವನನ್ನಲ್ಲ. ಇದು ಕೋಣೆಯ ಒಂದೇ ಒಂದು ನಿಯಮ. ಚುಕ್ಕಿಯನ್ನು ನೋಡುವ ಕಣ್ಣಿನಲ್ಲಿ ಪ್ರೀತಿಯೂ ಇರುವುದಿಲ್ಲ, ದ್ವೇಷವೂ ಇರುವುದಿಲ್ಲ. ರೆಪ್ಪೆ ತನ್ನ ಪಾಡಿಗೆ ತಾನು ಎಷ್ಟು ತೆರೆಯಬೇಕೋ ಅಷ್ಟು ತೆರೆದಿರುತ್ತದೆ, ಆ ಅಳತೆಗೆ ಅವನು ಇನ್ನೊಂದು ಕಣ್ಣನ್ನು ಮಾಡುತ್ತಾನೆ. ಬಸ್ ಡ್ರೈವರುಗಳು, ಉಪನ್ಯಾಸಕರು, ಮದುವೆಯ ವಯಸ್ಸಿಗೆ ಬಂದ ಹುಡುಗಿಯರು, ಜೇಬುಗಳ್ಳನೊಬ್ಬ, ಮಾಜಿ ಮಂತ್ರಿಯೊಬ್ಬ, ಎಲ್ಲರೂ ಆ ಕುರ್ಚಿಯಲ್ಲಿ ಕೂತು ಬಾಯಿ ಮುಚ್ಚಿಕೊಂಡು ಚುಕ್ಕಿ ನೋಡಿದ್ದರು. ನೋಡದೆ ಇದ್ದವರು ಒಬ್ಬರೇ, ಮಾವ. ಆ ಒಬ್ಬರ ಕಣ್ಣೇ ಕೆಟ್ಟಿತ್ತು.

ಕೆಟ್ಟಿತ್ತು ಎಂದರೆ ಬಣ್ಣ ತಪ್ಪಿರಲಿಲ್ಲ. ಬಣ್ಣದ ವಿಷಯದಲ್ಲಿ ಅವನ ಶತ್ರುಗಳೂ ಬಾಯಿ ಬಿಡುವಂತಿರಲಿಲ್ಲ. ಹಾಗೆ ನೋಡಿದರೆ ಅವನಿಗೆ ಶತ್ರುಗಳೇ ಇರಲಿಲ್ಲ, ಶತ್ರುಗಳನ್ನು ಗಳಿಸುವಷ್ಟು ದೊಡ್ಡ ಮನುಷ್ಯನೆಂದು ಅವನನ್ನು ಯಾರೂ ಎಣಿಸಿರಲಿಲ್ಲ. ಮಾವನ ಉಳಿದ ಬಲಗಣ್ಣಿನ ಕಡುಕಂದು, ಅದರೊಳಗೆ ಹತ್ತಿರ ಹೋದವರಿಗಷ್ಟೇ ಕಾಣುವ ಜೇನಿನ ಬಣ್ಣದ ಗೀರುಗಳು, ಅಂಚಿಗೆ ವಯಸ್ಸು ತೊಡಿಸಿದ ಬೂದುಬಣ್ಣದ ಬಳೆ, ಬಿಳಿಗುಡ್ಡೆಯಲ್ಲಿ ಮೂಗಿನ ಕಡೆಗೆ ಒಂದು ಹಳದಿ ಮಚ್ಚೆ, ಇಷ್ಟನ್ನೂ ಅವನು ಅಕ್ರಿಲಿಕ್‌ನ ಎಡಗಣ್ಣಿನಲ್ಲಿ ಮೂಡಿಸಿದ್ದ. ರಕ್ತನಾಳಗಳಿಗೆ ಕೆಂಪು ರೇಷ್ಮೆಯ ಎಳೆಯನ್ನು ಬಿಡಿಸಿ ಬಿಡಿಸಿ ಅಂಟಿಸಿದ್ದ. ಮಾವ ಅದನ್ನು ಹಾಕಿಕೊಂಡು ಕನ್ನಡಿಯಲ್ಲಿ ಎಡಕ್ಕೂ ಬಲಕ್ಕೂ ತಿರುಗಿ ನೋಡಿಕೊಂಡು "ಪರವಾಗಿಲ್ಲ" ಅಂದಿದ್ದರು. ಅವನು ಆ 'ಪರವಾಗಿಲ್ಲ'ವನ್ನು ಪದಕದ ಹಾಗೆ ಎದೆಗೆ ಸಿಕ್ಕಿಸಿಕೊಂಡು ಸಂಜೆಯವರೆಗೆ ಮನೆಯೆಲ್ಲ ಓಡಾಡಿದ್ದ, ಹೆಂಡತಿ ಏನು ಕೇಳಿದರೂ ಶಿಳ್ಳೆ ಹಾಕಿಕೊಂಡು ಉತ್ತರ ಕೊಟ್ಟಿದ್ದ. ಈಗ ನೆನೆದರೆ ನಾಚಿಕೆಯಾಗುತ್ತದೆ. ಕನ್ನಡಿಯಲ್ಲಿ ತಪ್ಪು ಕಾಣಿಸದೆ ಇದ್ದದ್ದಕ್ಕೆ ಕಾರಣ ಸರಳವಾಗಿತ್ತು: ಮಾವ ಕನ್ನಡಿಯನ್ನೂ ಅವನನ್ನು ನೋಡಿದ ಹಾಗೇ ನೋಡುತ್ತಿದ್ದರು.

ಮಾವ ತೂಕ ಮತ್ತು ಅಳತೆಗಳ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ಬದುಕೆಲ್ಲ ತಕ್ಕಡಿಗಳ ಮುಂದೆ ಬಗ್ಗಿ, ಮುಳ್ಳು ನೆಟ್ಟಗೆ ನಿಂತಿದೆಯೋ ಇಲ್ಲವೋ ಎಂದು ನೋಡಿ ನೋಡಿ, ಮೇಲಿನ ರೆಪ್ಪೆಯನ್ನು ಕೊಂಚ ಇಳಿಸಿ, ಕೆಳಗಿನದನ್ನು ಕೊಂಚ ಏರಿಸಿ, ಎದುರಿನವನು ತೂಕದ ಕಲ್ಲಿನ ತಳಕ್ಕೆ ಏನು ಅಂಟಿಸಿದ್ದಾನೆ ಎಂದು ಪತ್ತೆ ಮಾಡುವ ನೋಟ ಅವರದು. ಆ ನೋಟಕ್ಕೆ ಅಂಗಡಿಯವರು ಬೆವರುತ್ತಿದ್ದರಂತೆ. ಮದುವೆಗೆ ಮುಂಚೆ ಮೊದಲ ಸಲ ಮಾತಾಡಲು ಹೋದ ದಿನ ಅವನೂ ಬೆವರಿದ್ದ. "ಏನು ಕೆಲಸ?" ಎಂದು ಅವರು ಕೇಳಿದ್ದಕ್ಕೆ "ಕಣ್ಣು ಮಾಡ್ತೀನಿ ಸರ್" ಅಂದ, ಅವರು ಬಹಳ ಹೊತ್ತು ಅವನನ್ನೇ ನೋಡಿ, "ಇರೋದು ಸಾಕಾಗಲ್ವಾ?" ಅಂದರು. ಆವತ್ತು ಅವನನ್ನು ತಟ್ಟೆಗೆ ಹಾಕಿ ತೂಗಿ, ಕಡಮೆ ತೂಕದ ಕಲ್ಲು ಎಂದು ಮುದ್ರೆ ಒತ್ತಿದವರು ಆಮೇಲೆ ಮರುಪರಿಶೀಲನೆಯ ಗೋಜಿಗೇ ಹೋಗಲಿಲ್ಲ. ಬೈದವರಲ್ಲ, ಏಕವಚನದಲ್ಲಿ ಕರೆದವರಲ್ಲ. "ಅಳಿಯಂದ್ರು" ಎಂದೇ ಕರೆಯುತ್ತಾರೆ, ಆ ಬಹುವಚನದಲ್ಲಿ ಒಂದು ಹಿಡಿ ಮರಳು ಬೆರೆಸಿರುತ್ತಾರೆ, ಅಷ್ಟೇ. ಯಾರದೋ ಮನೆಯ ಸಮಾರಂಭದಲ್ಲಿ ಒಬ್ಬ ಗುತ್ತಿಗೆದಾರ "ನಿಮ್ಮ ಅಳಿಯ ಏನ್ ಮಾಡ್ಕೊಂಡಿದಾರೆ?" ಎಂದು ಕೇಳಿದಾಗ ಮಾವ ಸ್ವಲ್ಪ ತಡೆದು "ಬಣ್ಣದ ಕೆಲಸ" ಅಂದಿದ್ದರು. ಗುತ್ತಿಗೆದಾರ ಅವನನ್ನು ಮೂಲೆಗೆ ಕರೆದುಕೊಂಡು ಹೋಗಿ ತನ್ನ ಕಾಂಪೌಂಡ್ ಗೋಡೆಯ ಬಣ್ಣ ಎದ್ದು ಬರುತ್ತಿರುವ ಬಗ್ಗೆ ಸಲಹೆ ಕೇಳಿದ. ಅವನು ತಿದ್ದಬಹುದಿತ್ತು. ತಿದ್ದುವ ಬದಲು, ಮೊದಲು ಹಳೆಯದನ್ನು ಪೂರ್ತಿ ಕೆರೆಸಬೇಕು, ತೇವ ಆರುವವರೆಗೆ ಕಾಯಬೇಕು ಎಂದು ಗಂಭೀರವಾಗಿ ವಿವರಿಸಿದ; ಗುತ್ತಿಗೆದಾರ ಕೈ ಕುಲುಕಿ ಹೋದ. ದೂರದಿಂದ ಮಾವ ಅದನ್ನು ನೋಡುತ್ತಿದ್ದರು, ರೆಪ್ಪೆ ಅಲ್ಲೇ ಇತ್ತು, ಮಾಮೂಲಿ ಜಾಗದಲ್ಲಿ.

ಗಂಡ ಹೆಂಡತಿಯ ನಡುವೆ ಇತ್ಯರ್ಥವಾಗದೆ ಉಳಿದ ವ್ಯಾಜ್ಯವೆಂದರೆ ಇದೊಂದೇ. ಉಳಿದ ಜಗಳಗಳೆಲ್ಲ ರಾತ್ರಿ ಹುಟ್ಟಿ ಬೆಳಗ್ಗೆ ಸಾಯುತ್ತಿದ್ದವು. ಅವನು, ನಿಮ್ಮಪ್ಪನಿಗೆ ನನ್ನನ್ನು ಕಂಡರೆ ತಾತ್ಸಾರ ಅನ್ನುವುದು; ಅವಳು, ಅಪ್ಪ ಇರೋದೇ ಹಾಗೆ, ಅವರ ಕಣ್ಣೇ ಹಾಗೆ, ಎಲ್ಲರನ್ನೂ ಹಾಗೇ ನೋಡ್ತಾರೆ, ನಿಮಗೆ ಸುಮ್ಮನೆ ಅನುಮಾನ ಅನ್ನುವುದು. "ನಿನ್ನನ್ನ ನೋಡೋವಾಗ ಹಾಗೆ ನೋಡಲ್ಲ" ಅಂದರೆ, "ನನ್ನನ್ನ ಹೇಗೆ ನೋಡ್ತಾರೆ ಅಂತ ನೀವ್ಯಾವಾಗ ನೋಡಿದ್ರಿ?" ಎಂದು ಕೇಳಿಬಿಡುತ್ತಿದ್ದಳು. ಮಾವನ ಮುಂದೆ ಅವನು ತಲೆ ಎತ್ತುತ್ತಿದ್ದದ್ದೇ ಅಪರೂಪ. ಊರಿನವರ ಕಣ್ಣುಗಳನ್ನೆಲ್ಲ ಗೀರು ಗೀರು ಬಿಡದೆ ಬಲ್ಲವನು ಮಾವನ ಕಣ್ಣಿನ ಬಣ್ಣ ಯಾವುದೆಂದು ಕೇಳಿದರೆ ತಡವರಿಸುತ್ತಿದ್ದ. ಹೆಂಡತಿಯ ಮುಂದೆ ಒಂದು ಸಲವಾದರೂ ತನ್ನ ಮಾತು ನಿಜವಾಗಬೇಕು, ಅವಳ ಬಾಯಿಂದ 'ಹೌದು, ನೀವು ಹೇಳಿದ್ದು ಸರಿ' ಎಂದು ಬರಬೇಕು ಎಂಬುದು ಅವನ ಆಸೆ. ಆಸೆ ಸಣ್ಣದು ಎಂದು ಅವನಿಗೂ ಗೊತ್ತು. ಬೇರೆ ದೊಡ್ಡ ಆಸೆಗಳೆಲ್ಲ ಒಂದೊಂದಾಗಿ ಕೈಬಿಟ್ಟ ಮೇಲೆ ಇದು ಮಾತ್ರ ಉಳಿದುಕೊಂಡಿತ್ತು.

ಆಮೇಲೆ ಮಾವನ ಎಡಗಣ್ಣಿನೊಳಗೆ ಗಡ್ಡೆ ಬೆಳೆಯಿತು, ಕಣ್ಣು ತೆಗೆಯಬೇಕಾಯಿತು. ಆಸ್ಪತ್ರೆಯಿಂದ ಬಂದವರು ಪಟ್ಟಿ ಕಟ್ಟಿಕೊಂಡು ಮನೆಯಲ್ಲೇ ಕೂತರು. ಮಗಳು ಹಟ ಹಿಡಿದು, ಕಡೆಗೆ ಅತ್ತು ಒಪ್ಪಿಸಿದಳು. ಮಾವ ಕೊನೆಗೂ ಈ ಕೋಣೆಯ ಹೊಸ್ತಿಲು ದಾಟಿ, ಈ ಕುರ್ಚಿಯಲ್ಲಿ ಕೂತರು. ಒಂದು ಕಣ್ಣಿನಲ್ಲೇ ಕೋಣೆಯ ಉದ್ದಗಲ ಅಳೆದರು. ಅವನು ಕುಂಚ ಹಿಡಿದು, ಎಲ್ಲರಿಗೂ ಹೇಳುವ ಹಾಗೆ, ಆದರೆ ಎಲ್ಲರಿಗೂ ಹೇಳುವಾಗ ಇಲ್ಲದ ಒಂದು ಕೆಮ್ಮಿನ ಜೊತೆಗೆ, "ಮಾವ, ನನ್ನ ಹಿಂದೆ ಗೋಡೆ ಮೇಲೆ ಒಂದು ಚುಕ್ಕಿ ಇದೆ, ಅದನ್ನ ನೋಡ್ತಾ ಇರಿ" ಅಂದ.

"ಯಾಕೆ?" ಅಂದರು ಮಾವ.

"ಕಣ್ಣು ಅಲ್ಲಾಡ್ದೆ ನಿಲ್ಲುತ್ತೆ. ಅಳತೆ ಸರಿಯಾಗಿ ಸಿಗುತ್ತೆ."

"ನೋಡಿ ಅಳಿಯಂದ್ರೆ, ನನ್ನ ಸರ್ವಿಸ್‌ನಲ್ಲಿ 'ಸ್ವಾಮಿ, ಆ ಕಡೆ ನೋಡಿ' ಅಂತ ಯಾರಾದ್ರೂ ಅಂದ್ರು ಅಂದ್ರೆ, ಈ ಕಡೆ ಏನೋ ಕೈಚಳಕ ನಡೀತಿದೆ ಅಂತಲೇ ಅರ್ಥ. ನೀವು ನಿಮ್ಮ ಕೆಲಸ ಮಾಡಿ. ನಾನು ನಿಮ್ಮನ್ನೇ ನೋಡ್ತಿರ್ತೀನಿ."

ಇನ್ನೊಂದು ಸಲ ಹೇಳಬೇಕಿತ್ತು. ಮಾಜಿ ಮಂತ್ರಿಗೆ ಇನ್ನೊಂದು ಸಲ ಏನು, ಗದರಿಸಿಯೇ ಹೇಳಿದ್ದ. ಆದರೆ ಮಾವನಿಗೆ ಒಂದು ಮಾತನ್ನು ಎರಡನೇ ಸಲ ಹೇಳುವ ಧೈರ್ಯ ಅವನ ಗಂಟಲಲ್ಲಿ ಯಾವತ್ತೂ ಹುಟ್ಟಿರಲಿಲ್ಲ. ಹೀಗಾಗಿ, ಬೆಳಗ್ಗೆಯೆಲ್ಲ ಮಾವ ಅವನನ್ನೇ ನೋಡಿದರು, ಅವನು ಮಾವನ ಕಣ್ಣನ್ನೇ ನೋಡಿದ. ಸಂಸಾರ ಶುರುವಾದಾಗಿನಿಂದ ತಪ್ಪಿಸಿಕೊಂಡು ತಿರುಗಿದ್ದ ಆ ನೋಟದ ಮುಂದೆ ಅವನು ಮೂಗಿಗೆ ಮೂಗು ತಾಗುವ ಹಾಗೆ ಕೂತಿದ್ದ. ವಿಚಿತ್ರವೆಂದರೆ, ಕುಂಚ ಕೈಗೆ ಬಂದ ಸ್ವಲ್ಪ ಹೊತ್ತಿಗೆ ಹೆದರಿಕೆ ಹೋಗಿಬಿಟ್ಟಿತು. ತಾತ್ಸಾರ ಎಂಬುದು ಹತ್ತಿರದಿಂದ ನೋಡಿದರೆ ಜೇನುಬಣ್ಣದ ಗೀರುಗಳು, ಸ್ವಲ್ಪ ಕಂದು, ಸ್ವಲ್ಪ ಬೂದು, ಇಷ್ಟೇ. ಎಷ್ಟು ಚಂದದ ಕಣ್ಣು, ಇದರಲ್ಲಿ ನನಗೆ ಜಾಗ ಇಲ್ಲವಲ್ಲ ಎಂದು ಒಂದು ಗಳಿಗೆ ಅವನಿಗೆ ನಿಜಕ್ಕೂ ದುಃಖವಾಯಿತು. ದುಃಖವನ್ನು ನುಂಗಿಕೊಂಡು ರೆಪ್ಪೆಯ ಅಳತೆ ತೆಗೆದುಕೊಂಡ. ಮೇಣದ ಅಚ್ಚನ್ನು ಕೆರೆದ, ಹಾಕಿ ನೋಡಿದ, ಮತ್ತೆ ಕೆರೆದ. ಎರಡು ಕಣ್ಣೂ ಹೊಂದಿದವು. ಎರಡೂ ಅವನನ್ನೇ ನೋಡುತ್ತಿದ್ದವು, ಒಂದೇ ಥರ.

ಮಾವ ಆ ಕಣ್ಣಿನೊಂದಿಗೆ ಲೋಕಕ್ಕೆ ಹೊರಟರು. ಜೀವ ಇರುವ ಬಲಗಣ್ಣು ತನಗೆ ಬೇಕಾದವರ ಮುಂದೆ ಅಗಲವಾಗಿ ಅರಳುತ್ತಿತ್ತು. ಎಡಗಡೆಯ ರೆಪ್ಪೆಗೆ ಹಿಂದಿನ ಚುರುಕಿಲ್ಲ, ಒಳಗಿನ ಕಣ್ಣು ಎಷ್ಟು ಉಬ್ಬಿದೆಯೋ ಅಷ್ಟೇ ಎತ್ತಿ ನಿಲ್ಲುತ್ತದೆ. ಅಳಿಯನನ್ನು ನೋಡುವ ಅಳತೆಗೆ ಮಾಡಿದ ಕಣ್ಣು ಎಲ್ಲರನ್ನೂ ಅಳಿಯನನ್ನು ನೋಡಿದ ಹಾಗೇ ನೋಡಿತು. ಪಾರ್ಕಿನ ಬೆಂಚಿನಲ್ಲಿ ಮಾವನ ಎಡಕ್ಕೆ ಕೂರುತ್ತಿದ್ದ ಗೆಳೆಯರೊಬ್ಬರು, ಔಷಧಿ ಅಂಗಡಿಯವರು, ಮೊದಲು ಬಲಕ್ಕೆ ಬಂದರು, ಆಮೇಲೆ ಪಕ್ಕದ ಬೆಂಚಿಗೆ ಹೋದರು, ಈಗ ಬೇರೆ ಪಾರ್ಕಿಗೇ ಹೋಗುತ್ತಾರಂತೆ. ಪೇಪರ್ ಹಾಕುವವನು ಲೆಕ್ಕ ಹೇಳುವಾಗ ತೊದಲುತ್ತಾನಂತೆ. ಅತ್ತೆಯನ್ನು ವಿಚಾರಿಸಿದರೆ, ಅವರು ಗಂಡನ ಮುಖವನ್ನು ಅತ್ತಿತ್ತ ತಿರುಗಿಸಿ ನೋಡಿ, "ನಂಗೇನೂ ವ್ಯತ್ಯಾಸ ಕಾಣಲ್ವಪ್ಪ, ಮೊದಲಿಂದ್ಲೂ ಹೀಗೇ" ಅಂದಿದ್ದರು.

ನಿನ್ನೆ ಸಂಜೆ ತವರಿಂದ ಬಂದ ಹೆಂಡತಿ ಅಡುಗೆಮನೆಯಲ್ಲಿ ನಿಂತು ಸುಮ್ಮನೆ ನಲ್ಲಿ ಬಿಟ್ಟುಕೊಂಡಿದ್ದಳು. ಎರಡು ಬೀದಿ ಆಚೆಯ ತವರು, ವಾರಕ್ಕೆ ನಾಲ್ಕು ಸಲ ಹೋಗಿ ಬರುವವಳು. ಹೀಗೆ ಮುಖ ಊದಿಸಿಕೊಂಡು ಬಂದದ್ದೇ ಇಲ್ಲ. ಅವನು ನಲ್ಲಿ ನಿಲ್ಲಿಸಿದ.

"ಅಪ್ಪ ನನ್ನನ್ನ ನೋಡೋ ರೀತಿ ಬೇರೆ ಆಗಿದೆ ರೀ," ಅಂದಳು. "ಪಕ್ಕದಲ್ಲಿ ಕೂತು ಏನೋ ಹೇಳ್ತಾ ಇದ್ದೆ. ತಿರುಗಿ ನೋಡಿದ್ರೆ, ನಾನು ಅವರ ಮನೆಗೆ ಏನೋ ಕದಿಯೋಕೆ ಬಂದಿರೋ ಹಾಗೆ ನೋಡ್ತಾ ಇದಾರೆ. ಬಾಯಲ್ಲಿ 'ಪುಟ್ಟಿ, ಪುಟ್ಟಿ' ಅಂತಾರೆ. ಕಣ್ಣು ಮಾತ್ರ... ನಾನೇನ್ ತಪ್ಪು ಮಾಡ್ದೆ ಹೇಳಿ?"

ಅವನಿಗೆ ಕೂಡಲೇ ಅರ್ಥವಾಯಿತು. ಅರ್ಥವಾದ ಕೂಡಲೇ ಆದದ್ದು ಅನುಕಂಪವಲ್ಲ, ಸಂತೋಷ. ಹೆಂಡತಿ ಕಣ್ಣು ಒರೆಸಿಕೊಳ್ಳುತ್ತಿರುವಾಗ ತನ್ನ ಎದೆಯಲ್ಲಿ ಯಾರೋ ವಾಲಗ ಊದಿದ ಹಾಗಾಗುತ್ತಿದೆಯಲ್ಲ, ತಾನೆಂಥ ನೀಚ ಎಂದುಕೊಳ್ಳುತ್ತಲೇ, ಉಪಾಧ್ಯಾಯರ ಧ್ವನಿಯಲ್ಲಿ, ಚುಕ್ಕಿಯ ವಿಷಯ, ಮಾವ ಚುಕ್ಕಿ ನೋಡದ ವಿಷಯ, ರೆಪ್ಪೆಯ ಅಳತೆಯ ವಿಷಯ, ಎಲ್ಲವನ್ನೂ ನಿಧಾನವಾಗಿ ಬಿಡಿಸಿ ಹೇಳಿದ. "ತಪ್ಪು ನಿಂದಲ್ಲ. ಅದು ನನ್ನನ್ನ ನೋಡೋ ಕಣ್ಣು. ಅದೇ ಅಳತೇಲಿ ನಿಂತುಬಿಟ್ಟಿದೆ."

ಅವಳು ನಲ್ಲಿಯನ್ನು ಮತ್ತೆ ಬಿಟ್ಟು, ಮತ್ತೆ ನಿಲ್ಲಿಸಿದಳು. "ಅಪ್ಪ ನಿಮ್ಮನ್ನ... ಯಾವಾಗ್ಲೂ ಹೀಗೇ ನೋಡ್ತಾರಾ?" ಅಂದಳು. ಆ ಪ್ರಶ್ನೆಗಾಗಿ ಅವನು ಎಷ್ಟೋ ವರ್ಷ ಕಾದಿದ್ದ. ಇನ್ನೊಂದು ಹೆಜ್ಜೆ, ಇನ್ನೊಂದೇ ವಾಕ್ಯ ಅವಳ ಬಾಯಿಂದ ಬರಬೇಕಿತ್ತು. ಅವನು ಕಾದ. ಅವಳು ತಲೆ ಎತ್ತಿ, "ನೀವು ಬೇಕೂಂತಲೇ ಹೀಗೆ ಮಾಡಿದ್ರಾ?" ಅಂದಳು.

ಬೇಕೆಂದೇ ಮಾಡಿದೆನೆ? ಅಲ್ಲಿಂದ ಈಗಿನವರೆಗೆ, ಹಾಸಿಗೆಯಲ್ಲಿ ಹೊರಳುವಾಗ, ಹಲ್ಲುಜ್ಜುವಾಗ, ಈಗ ಕಿಟಕಿಯ ಸರಳು ಒರೆಸುವಾಗ, ಅವನು ಅದನ್ನೇ ಕೇಳಿಕೊಳ್ಳುತ್ತಿದ್ದ. ಕೋರ್ಟಿನಲ್ಲಿ ಗೆದ್ದ ಗಳಿಗೆಯಲ್ಲೇ ಕಟಕಟೆಗೆ ಹತ್ತಿಸಿದ ಹಾಗಾಗಿತ್ತು. ಇಲ್ಲ ಎಂದು ಅವನು ಕೂಡಲೇ ಹೇಳಿದ್ದ, ಕೂಡಲೇ ಹೇಳಿದ್ದೇ ತಪ್ಪಾಗಿ ಅವಳು ಒಳಗೆ ಹೋಗಿ ಮಲಗಿದ್ದಳು. ಆದರೆ ಮೇಣ ಕೆರೆಯುವಾಗ, ಈ ರೆಪ್ಪೆ ವಾಡಿಕೆಗಿಂತ ಇಳಿದಿದೆ, ಮಾವ ಯಾರನ್ನೋ ಕಂಡು ನಕ್ಕರೆ ಎಡಗಡೆ ಏರಲಾರದು ಎಂದು ಬೆರಳಿಗೆ ಗೊತ್ತಾಗಿರಲಿಲ್ಲವೇ? ಇಷ್ಟು ವರ್ಷ ಕಣ್ಣು ಮಾಡಿದ ಬೆರಳಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಾಗಿದ್ದನ್ನು ಬೆರಳು ತಲೆಗೆ ಹೇಳಲಿಲ್ಲವೋ, ಹೇಳಿದ್ದನ್ನು ತಲೆ ಕೇಳಿಸಿಕೊಳ್ಳಲಿಲ್ಲವೋ? ತನ್ನ ಪರವಾಗಿ ವಾದಿಸಲು ಯೋಚಿಸಿದಷ್ಟೂ ಅವನಿಗೆ ತಾನು ಎದುರು ಪಕ್ಷದ ವಕೀಲನ ಹಾಗೇ ಕೇಳಿಸುತ್ತಿದ್ದ.

ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು. ಮಗಳ ಹಿಂದೆ ಮಾವ ಒಳಗೆ ಬಂದರು, ಬಂದವರೇ ಒರೆಸಿದ ಮೇಜಿನ ಮೇಲೆ ಬೆರಳಾಡಿಸಿ, ಬೆರಳಿನ ತುದಿ ನೋಡಿಕೊಂಡರು. "ಏನೋ ರಿಪೇರಿ ಅಂತೆ," ಅಂದರು. "ಹೊಸ ಗಾಡೀನೂ ಇಷ್ಟು ಬೇಗ ರಿಪೇರಿಗೆ ಬರಲ್ಲ ಅಳಿಯಂದ್ರೆ."

"ಸಣ್ಣದು ಮಾವ. ಮೇಲಿನ ಕಡೆ ಸ್ವಲ್ಪ ಉಬ್ಬಿಸ್ಬೇಕು."

"ನಂಗೇನೂ ತೊಂದ್ರೆ ಇಲ್ಲ. ಇವಳು ನೋಡಿ, ನನ್ನ ನೋಟ ಸರಿಯಿಲ್ಲ ಅಂತ ರಂಪ. ಹೌದೇನೆ ಪುಟ್ಟಿ?"

"ಸರಿಯಿಲ್ಲ ಅಂದ್ರೆ ಸರಿಯಿಲ್ಲ, ಸುಮ್ನೆ ಕೂತ್ಕೊಳ್ಳಿ ಅಪ್ಪಾ," ಅಂದಳು. ಗಂಡನ ಕಡೆ ನೋಡಲಿಲ್ಲ.

ಮಾವ ಕುರ್ಚಿಯಲ್ಲಿ ಕೂತರು, ಅವನ ಮೇಲೆ ದೃಷ್ಟಿ ನೆಟ್ಟರು. ಚುಕ್ಕಿಯನ್ನು ನೋಡಿ ಎಂದು ಈಗಲಾದರೂ ಗಟ್ಟಿಯಾಗಿ ಹೇಳಬಹುದಿತ್ತು. ಹಾಗೆ ಹೇಳಿ ಗೆಲ್ಲುವ ಬದಲು ಅವನಿಗೆ ಹೊಳೆದದ್ದು ಸೋಲುವ ಇನ್ನೊಂದು ದಾರಿ. "ನೀನು ನನ್ನ ಜಾಗದಲ್ಲಿ ಕೂತ್ಕೋ," ಎಂದು ಹೆಂಡತಿಗೆ ಹೇಳಿದ. ಅವಳು ಕೂತಳು. ಅವನು ಅಳತೆಪಟ್ಟಿ ಹಿಡಿದು ಮಾವನ ಬಲಗಡೆಗೆ, ಗೋಡೆಗೆ ಒತ್ತಿಕೊಂಡು, ಮನೆಗೆ ಬಂದ ನಲ್ಲಿ ರಿಪೇರಿಯವನ ಹಾಗೆ ನಿಂತ. "ಏನಾದ್ರೂ ಮಾತಾಡ್ತಾ ಇರಿ," ಅಂದ.

ತಂದೆ ಮಗಳು ಮಾತಾಡತೊಡಗಿದರು. ಅತ್ತೆ ಕನ್ನಡಕವನ್ನು ಫ್ರಿಜ್ಜಿನಲ್ಲಿ ಇಟ್ಟು ಮನೆಯೆಲ್ಲ ಹುಡುಕಿದ ಕಥೆ. ಅದನ್ನು ಅರ್ಧ ಹೇಳುವಷ್ಟರಲ್ಲೇ ಇಬ್ಬರಿಗೂ ನಗು. ಬಲಗಣ್ಣಿನ ಮೇಲಿನ ರೆಪ್ಪೆ ಏರಿತು. ಅವನು ಇಷ್ಟು ವರ್ಷ ರೆಪ್ಪೆ ಅಂದುಕೊಂಡಿದ್ದು ಅರ್ಧ ಎಳೆದ ಪರದೆ, ಈಗ ಅದು ಪೂರ್ತಿ ಸರಿಯಿತು, ಒಳಗೆ ದೀಪ ಹಚ್ಚಿದ ಮನೆ ಕಂಡಿತು. ಕಂದು ಅದೇ ಕಂದು, ಜೇನುಬಣ್ಣದ ಗೀರುಗಳೂ ಅವೇ, ತಾನೇ ಎಣಿಸಿ ಎಣಿಸಿ ಬರೆದವು. ಅದರೊಳಗಿಂದ ಒಬ್ಬ ಬೇರೆಯೇ ಮನುಷ್ಯ ಮಗಳನ್ನು ನೋಡುತ್ತಿದ್ದ, ತುಂಬ ಒಳ್ಳೆಯವನು, ಎಲ್ಲ ಮಾತಿಗೂ ಹೌದೆನ್ನುವವನು. ಹೆಂಡತಿ ಸುಳ್ಳು ಹೇಳಿರಲಿಲ್ಲ. ಇಂಥ ಕಣ್ಣಿನ ಮುಂದೆ ಬೆಳೆದವಳು ಇನ್ನೇನು ಹೇಳಿಯಾಳು? ಮದುವೆಯಾದಾಗಿನಿಂದ ಇಬ್ಬರೂ ಇಬ್ಬರು ಬೇರೆ ಬೇರೆ ಮನುಷ್ಯರ ಬಗ್ಗೆ ಜಗಳವಾಡಿದ್ದರು, ಅಷ್ಟೇ. ಅಳತೆಪಟ್ಟಿ ಎತ್ತಿದ. ತನ್ನನ್ನು ನೋಡಿದ ದಿನದ ಅಳತೆಗೂ ಇದಕ್ಕೂ ಎರಡು ಮಿಲಿಮೀಟರ್ ವ್ಯತ್ಯಾಸ. ಎರಡೇ ಮಿಲಿಮೀಟರ್. ಆಸ್ತಿಯಲ್ಲ, ಅಧಿಕಾರವಲ್ಲ, ಇಷ್ಟನ್ನು ಮಾವ ಯಾವತ್ತಾದರೂ ಒಂದು ಸಲ, ತಪ್ಪಿಯಾದರೂ, ತನಗೆ ಕೊಟ್ಟಿದ್ದರೆ ಯಾರ ಗಂಟೇನು ಹೋಗುತ್ತಿತ್ತು?

"ಸಿಕ್ತಾ ಅಳತೆ?" ಎಂದು ಮಾವ ಅವನತ್ತ ತಿರುಗಿದರು. ಪರದೆ ಇಳಿಯಿತು.

"ಸಿಕ್ತು," ಅಂದ.

ಮಧ್ಯಾಹ್ನ ಮಾವ ಎಡಗಣ್ಣಿಗೆ ಪಟ್ಟಿ ಕಟ್ಟಿಕೊಂಡು ಒಳಗಿನ ಕೋಣೆಯಲ್ಲಿ ಮಲಗಿದರು, ಗೊರಕೆಯಲ್ಲೂ ಆಕ್ಷೇಪಣೆಯಿತ್ತು. ಅವನು ಕಣ್ಣನ್ನು ಅಂಗೈಯಲ್ಲಿಟ್ಟುಕೊಂಡು ಕಿಟಕಿಯ ಬಳಿ ಕೂತ. ಕೆಲಸ ಕಷ್ಟದ್ದಲ್ಲ. ಮೇಲಂಚಿಗೆ ಮೇಣ ಹಚ್ಚಿ ಹಾಕಿ ನೋಡಿಯಾಗಿತ್ತು. ಇನ್ನು ಹೊಳಪು ಕೆರೆದು, ಮೇಣದ ಜಾಗಕ್ಕೆ ಅಕ್ರಿಲಿಕ್ ತುಂಬಿ, ಬಿಸಿನೀರಿನಲ್ಲಿ ಗಟ್ಟಿ ಮಾಡಿ, ಪಾಲಿಶ್ ಕೊಟ್ಟರೆ ಸಂಜೆಯ ಹೊತ್ತಿಗೆ ಹೊಸದು. ಆದರೆ ಕೆರೆಯುವ ಚಕ್ರದ ಸ್ವಿಚ್ಚಿನ ಮೇಲೆ ಬೆರಳಿಟ್ಟು ಅವನು ಕೂತೇ ಇದ್ದ. ಅವನ ವ್ಯಾಜ್ಯಕ್ಕೆ ಲೋಕದಲ್ಲಿ ಇದ್ದದ್ದು ಇದೊಂದೇ ಸಾಕ್ಷಿ. ನಾಲಿಗೆಯಿಂದ ಹೇಳಿದ್ದನ್ನು ಇಲ್ಲವೆನ್ನಬಹುದು, ನೋಟವನ್ನು ಅನುಮಾನ ಎನ್ನಬಹುದು. ಇದನ್ನು ಕೈಯಲ್ಲಿ ಹಿಡಿದು ತೋರಿಸಬಹುದಿತ್ತು, ನೋಡು, ಮುಟ್ಟಿ ನೋಡು, ನಿಮ್ಮಪ್ಪ ನನ್ನನ್ನು ಇಷ್ಟೇ ತೆರೆದು ನೋಡುತ್ತಾರೆ. ಇದನ್ನು ಹೀಗೇ ಬಿಟ್ಟರೆ? ರಿಪೇರಿ ಆಗಲ್ಲ ಅಂದರೆ? ಪಾರ್ಕಿನಲ್ಲಿ ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ, ಮಗಳು ವಾರಕ್ಕೆ ನಾಲ್ಕು ಸಲ ಹೋಗುವವಳು ಎರಡು ಸಲ ಹೋಗುತ್ತಾಳೆ, ಮಾವನಿಗೆ ತನ್ನ ಸ್ಥಿತಿ ಏನೆಂದು ಗೊತ್ತಾಗುತ್ತದೆ. ಇದನ್ನೆಲ್ಲ ಅವನು ಬಹಳ ವಿವರವಾಗಿ, ಬಾಯಲ್ಲಿ ನೀರೂರಿಸಿಕೊಂಡು ಯೋಚಿಸಿದ.

ಹೆಂಡತಿ ಚಹಾ ತಂದು ಮೇಜಿನ ಮೇಲಿಟ್ಟಳು. ಅಂಗೈಯಲ್ಲಿದ್ದ ಕಣ್ಣನ್ನು ನೋಡಿ ಅಲ್ಲೇ ನಿಂತಳು.

"ಮುಖದಲ್ಲಿ ಇಲ್ದೆ ಇದ್ರೆ ಪಾಪ ಅನ್ಸುತ್ತೆ," ಅಂದಳು. ಚಹಾದ ಲೋಟವನ್ನು ಅವನ ಕಡೆಗೆ ಸರಿಸಿ, "ನಾನು ನಿನ್ನೆ ಹಾಗೆ ಕೇಳಬಾರ್ದಿತ್ತು," ಅಂದಳು.

ಇದೇ ಸಮಯ. ಕೇಳು, ಹೌದು ಅನ್ನಿಸಿಕೋ ಎಂದು ಒಳಗಿನ ವಕೀಲ ತಿವಿದ. ಆದರೆ ಅವಳ ಕಣ್ಣಿನ ಬಿಳಿಯಲ್ಲಿ ನಿನ್ನೆಯ ಅಳುವಿನ ಕೆಂಪು ಎಳೆಗಳು ಇನ್ನೂ ಇದ್ದವು; ಮೂಗಿನ ಕಡೆಗೆ ದಟ್ಟವಾಗಿ, ಆಚೆ ಕಡೆಗೆ ಕವಲೊಡೆದು. ಅವನಿಗೆ ಅದನ್ನು ನೋಡಿ ರೇಷ್ಮೆ ಎಳೆ ನೆನಪಾಯಿತು, ಅದು ನೆನಪಾದದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು. ಅವಳಿಗೆ ಬೇಕಾದದ್ದು ಸತ್ಯವಲ್ಲ, ಅವಳ ಅಪ್ಪ. "ಸಂಜೆಗೆ ಸರಿ ಹೋಗುತ್ತೆ ಬಿಡು," ಅಂದ. ಅವಳು ಆಚೆ ಹೋದ ಮೇಲೆ ಸ್ವಿಚ್ ಒತ್ತಿದ. ಸಾಕ್ಷಿ ಬಿಳಿ ಪುಡಿಯಾಗಿ ಅವನ ಮೊಣಕಾಲಿನ ಮೇಲೆ ಉದುರಿತು, ಅವನು ಅದನ್ನು ಕೊಡವಿಕೊಂಡು ಚಹಾ ಕುಡಿದ.

ರಾತ್ರಿ ಊಟಕ್ಕೆ ಮಾವ ಇಲ್ಲೇ ಉಳಿದರು. ಹೊಸ ಕಣ್ಣು ಹಾಕಿಯಾಗಿತ್ತು, ಕನ್ನಡಿ ನೋಡಿಯಾಗಿತ್ತು. ಕನ್ನಡಿಯ ಮುಂದೆ ಮಾವ ಯಾಕೋ ಸ್ವಲ್ಪ ಕಂಗಾಲಾದ ಹಾಗೆ ಕಂಡರು; ತಮ್ಮನ್ನು ತಾವೇ ಅಷ್ಟು ಪ್ರೀತಿಯಿಂದ ನೋಡಿಕೊಂಡು ಅವರಿಗೆ ಅಭ್ಯಾಸವಿರಲಿಲ್ಲ. 'ಪರವಾಗಿಲ್ಲ' ಎಂಬುದು ಈ ಸಲ ಬರಲಿಲ್ಲ, "ಹೂಂ" ಎಂದು ಬಂತು. ಮೇಜಿನ ತಲೆಗೆ ಮಾವ, ಅವರ ಎಡಗಡೆಗೆ ಮಗಳು, ಎದುರಿಗೆ ಅವನು. ಮಾವ ಮಗಳ ಕಡೆ ತಿರುಗಿದಾಗ ಎರಡು ಕಣ್ಣೂ ಒಂದೇ ಸಮನೆ ಅರಳಿ ನಿಂತವು, ಯಾರೂ ಇದು ಹುಟ್ಟಿದ್ದು, ಇದು ಮಾಡಿದ್ದು ಎಂದು ಬೆರಳಿಟ್ಟು ತೋರಿಸುವಂತಿರಲಿಲ್ಲ. ಅವಳು ಬೆಳಗಿನ ಕನ್ನಡಕದ ಕಥೆಯ ಉಳಿದ ಅರ್ಧ ಹೇಳಿದಳು, ಇನ್ನೊಂದು ಸೌಟು ಬಡಿಸಿದಳು, ಅವಳ ಮುಖ ತಿಳಿಯಾಗಿತ್ತು. ಅದನ್ನು ನೋಡಿ ಅವನಿಗೂ ನಿಜವಾಗಿ ಸಂತೋಷವಾಯಿತು. ಸಂತೋಷದಲ್ಲಿ ಮೈಮರೆತು, "ಮಾವ, ಕಣ್ಣು ಹಗುರ ಅನ್ಸುತ್ತಾ?" ಎಂದು ಕೇಳಿಬಿಟ್ಟ.

ಮಾವ ಅವನ ಕಡೆ ನೋಡಿದರು. ಬಲಗಣ್ಣಿನ ರೆಪ್ಪೆ ಇಳಿದು ತನ್ನ ಮಾಮೂಲಿ ಜಾಗಕ್ಕೆ ಬಂದು ಕೂತಿತು. ಎಡಗಣ್ಣು ಹಾಗೇ ಇತ್ತು, ಅಗಲವಾಗಿ, ಬೆಚ್ಚಗೆ, ಅಳಿಯ ಎಂದರೆ ಪ್ರಾಣ ಎನ್ನುವ ಹಾಗೆ. ಒಂದೇ ಮುಖದಿಂದ ಇಬ್ಬರು ಅವನನ್ನು ನೋಡುತ್ತಿದ್ದರು.

"ಕಣ್ಣೇನು ತಲೆ ಮೇಲೆ ಹೊರೋ ಮೂಟೆನಾ ಅಳಿಯಂದ್ರೆ, ಹಗುರ ಭಾರ ಅನ್ನೋಕೆ?" ಅಂದರು.

ಎಡಗಡೆ ಕೂತವಳಿಗೆ ಬಲಗಣ್ಣು ಕಾಣುತ್ತಿರಲಿಲ್ಲ. ಅವಳು ಗಂಡನ ಕಡೆಗೆ ವಾಲಿ, ಮುಖವೆಲ್ಲ ನಗುವಾಗಿ, ಪಿಸುದನಿಯಲ್ಲಿ, "ನೋಡಿದ್ರಾ? ಎಷ್ಟು ಚೆನ್ನಾಗಿ ನೋಡ್ತಾರೆ ನಿಮ್ಮನ್ನ. ನಾನು ಮೊದಲಿಂದ್ಲೂ ಹೇಳ್ತಾ ಇರ್ಲಿಲ್ವಾ?" ಅಂದಳು.

"ಹೌದು, ನೀನು ಹೇಳಿದ್ದು ಸರಿ," ಅಂದ ಅವನು. ಎಷ್ಟೋ ವರ್ಷದಿಂದ ಅವಳ ಬಾಯಲ್ಲಿ ಕೇಳಬೇಕೆಂದಿದ್ದ ವಾಕ್ಯ ತನ್ನ ಬಾಯಿಂದಲೇ ಬಂತಲ್ಲ ಎಂದು ನಗು ಬಂತು. ಮಾವ ಮಜ್ಜಿಗೆಯ ಲೋಟದ ಕಡೆ ತಿರುಗಿದ್ದಾಗ ಅವನು ತಟ್ಟೆಯನ್ನು ಒಂದು ಕೈಯಲ್ಲೂ ಕುರ್ಚಿಯನ್ನು ಇನ್ನೊಂದರಲ್ಲೂ ಎತ್ತಿಕೊಂಡು, ಸದ್ದಾಗದ ಹಾಗೆ, ಹೆಂಡತಿಯನ್ನು ಆಚೆ ಸರಿಸಿ ಮಾವನಿಗೆ ಕಾಣದ ಎಡಗಡೆಗೆ ಬಂದು ಕೂತ. ಕೂತು ತಲೆ ಎತ್ತಿದ. ಮಾವ ನೇರ ಮುಂದೆ ನೋಡುತ್ತ ಉಣ್ಣುತ್ತಿದ್ದರು. ಈ ಕಡೆಯ ಕಣ್ಣು ಮಾತ್ರ ಅವನ ಮಗ್ಗುಲಲ್ಲಿ, ಇಷ್ಟು ಹತ್ತಿರ, ತೆರೆದೇ ಇತ್ತು. ಅದರ ಪ್ರತಿ ಗೀರೂ ಅವನದೇ. ಅವನು ಅದರ ಮುಂದೆ, ಬಿಸಿಲಿಗೆ ಬೆನ್ನು ಕೊಟ್ಟು ಕೂತವನ ಹಾಗೆ, ನಿಶ್ಚಿಂತೆಯಿಂದ ಊಟ ಮಾಡತೊಡಗಿದ.

ಮಾವ ಎದುರಿನ ಖಾಲಿ ಜಾಗವನ್ನು ನೋಡಿ ಕೈ ನಿಲ್ಲಿಸಿದರು.

"ಅಳಿಯಂದ್ರು ಎಲ್ಲಿ ಹೋದ್ರು ಪುಟ್ಟಿ?" ಅಂದರು.

ಹೆಂಡತಿ ಅವನ ಮುಖ ನೋಡಿದಳು. ಎಡಗಣ್ಣು ಅವನನ್ನೇ ಪ್ರೀತಿಯಿಂದ ನೋಡುತ್ತಿತ್ತು. ಇಲ್ಲೇ ಇದೀನಿ ಮಾವ ಅಂದರೆ ಅವರು 'ಎಲ್ಲಿ?' ಎಂದು ಇಡೀ ಮುಖ ತಿರುಗಿಸಿಬಿಡುತ್ತಾರೆ ಎಂದು ಹೆದರಿ, ಅವನು ಅವಳಿಗೆ ಸುಮ್ಮನಿರು ಎಂದು ಕೈಸನ್ನೆ ಮಾಡಿದ.